ಅಂಗಳದ ನೀರು ಹೆಪ್ಪುಗಟ್ಟುವ ಊರು

ಒಂದು ಊರನ್ನು ನೋಡಲು ಹೋದವರಿಗೂ ಅಲ್ಲಿ ಬಾಳಲು ಹೋದವರಿಗೂ ಒಂದೇ ಊರು ಕಾಣಿಸುವುದಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ಹೊರಟವರ ಬದುಕಿನಲ್ಲಿ ನಗೆಗೀಡಾಗುವ ಪ್ರಸಂಗಗಳು ಕರೆಯದಿದ್ದರೂ ಬಂದು ಕೂರುತ್ತವೆ.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡೆಯರು ಒಮ್ಮೆ ಉತ್ತರದ ಬೆಟ್ಟಗಳ ಕಡೆ ಪ್ರವಾಸ ಹೋಗಿ ಬಂದು, ದೇವದಾರು ಮರಗಳ ನಡುವಿನ ಒಂದು ಪುಟ್ಟ ಊರಿನ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿ, ಅದು ಸ್ವರ್ಗವೆಂದು ಬಣ್ಣಿಸಿದ್ದರು. ಅವರು ಅಲ್ಲಿ ಬೇಸಿಗೆಯಲ್ಲಿ ಎರಡು ದಿನ ಇದ್ದರು. ಅಂಥದೇ ಒಂದು ಊರಿನಲ್ಲಿ ನಾನು ಇಡೀ ವರ್ಷ ಇದ್ದೆ.

ಕನ್ನಡ ಎಂ.ಎ. ಮುಗಿಸಿದ ಹೊಸತರಲ್ಲಿ, ಕನ್ನಡವಿಲ್ಲದ ಕಡೆಗೆ ಕನ್ನಡವನ್ನು ಒಯ್ಯುವುದೇ ನನ್ನ ಕರ್ತವ್ಯವೆಂದು ನಂಬಿದ್ದೆ, ಈಗಲೂ ನಂಬಿದ್ದೇನೆ. ಆ ಬೆಟ್ಟದೂರಿನ ವಸತಿ ಶಾಲೆಯೊಂದಕ್ಕೆ ನಮ್ಮ ಜಿಲ್ಲೆಯ ಒಂಬತ್ತನೇ ತರಗತಿಯ ಕೆಲವು ಮಕ್ಕಳು ಒಂದು ವರ್ಷದ ಮಟ್ಟಿಗೆ ಹೋಗುತ್ತಾರೆ, ಅಲ್ಲಿನವರು ನಮ್ಮ ಕಡೆಗೆ ಬರುತ್ತಾರೆ. ಹೋದ ಮಕ್ಕಳು ತಮ್ಮ ನುಡಿಯನ್ನು ಮರೆಯದಿರಲೆಂದು ಗುತ್ತಿಗೆಯ ಮೇಲೆ ಒಬ್ಬ ಕನ್ನಡ ಶಿಕ್ಷಕಿ. ಅದು ನಾನು. ಮೊದಲ ದಿನವೇ ಅಲ್ಲಿನ ಪ್ರಾಂಶುಪಾಲರು ನನ್ನ ಸ್ಥಾನವನ್ನು ಸ್ಪಷ್ಟಪಡಿಸಿದರು: “ಈ ಮಕ್ಕಳು ಇರುವವರೆಗೆ ನೀವು. ಅವರು ಬಸ್ಸು ಹತ್ತಿದರೆ ಅದೇ ಬಸ್ಸಿನಲ್ಲಿ ನಿಮಗೂ ಸೀಟು.”

ಬಸ್ಸು ಹತ್ತಲು ಎಲ್ಲರಿಗಿಂತ ಮೊದಲು ಸಿದ್ಧಳಾಗಿದ್ದವಳು ಸಿರುಗುಪ್ಪದ ಒಬ್ಬ ಹುಡುಗಿ. ಆ ಬೇಸಿಗೆಯಲ್ಲಷ್ಟೇ ಅವಳ ತಾಯಿ ತೀರಿಕೊಂಡಿದ್ದರು. ದೂರ ಹೋದರೆ ಮರೆತಾಳೆಂದು ತಂದೆ ಕಳಿಸಿದ್ದರು. ಅವಳು ಊಟ ಬಿಟ್ಟಳು, ಮಾತು ಬಿಟ್ಟಳು. ಅವಳೊಬ್ಬಳು ಹೊರಟರೆ ಉಳಿದವರೂ ಗಂಟು ಕಟ್ಟುವರೆಂಬುದು ಎಲ್ಲರಿಗೂ ತಿಳಿದಿತ್ತು. ನಾನು ಅವಳ ಹಾಸಿಗೆಯ ಪಕ್ಕ ಕುಳಿತು, ಗಾಳಿಯಲ್ಲಿ ಅಂಗೈ ಆಡಿಸುತ್ತ, ಮೊದಮೊದಲು ಹಾಗೆ ಅನ್ನಿಸುತ್ತದೆ, ಉಣ್ಣು, ರೂಢಿಯಾಗುತ್ತದೆ ಎಂದು ದಿನವೂ ಹೇಳುತ್ತಿದ್ದೆ. ಅವಳು ನನ್ನ ಅಂಗೈಯನ್ನೇ ನೋಡುತ್ತಿದ್ದಳು.

ನನ್ನನ್ನು ಬಿಟ್ಟುಹೋಗಲೆಂದು ಕುರುಗೋಡಿನಿಂದ ಜೊತೆಗೆ ಬಂದಿದ್ದ ಅವ್ವ ಹಿಂದಿರುಗುವ ಮಾತನ್ನೇ ಎತ್ತಲಿಲ್ಲ. ಕೇಳಿದರೆ, “ಇಂಥಾ ಅಡವ್ಯಾಗ ನಿನ್ನ ಒಬ್ಬಾಕಿನ್ನ ಬಿಟ್ಟು ಹೋಗಾಕ ನನಗೇನು ತಲಿ ಕೆಟ್ಟೈತೇನ್ಲೇ?” ಎಂದಳು.

ಕರಡಿ

ನಾವು ಬಾಡಿಗೆ ಮನೆ ಹಿಡಿದ ಮೊದಲ ವಾರ. ಸಂಜೆ ಗಾಳಿ ತಣ್ಣಗೆ ಬೀಸಿತೆಂದು ಅವ್ವ ಮಂಡಕ್ಕಿ ಒಗ್ಗರಣೆ ಮಾಡಿ, ಪಕ್ಕದಲ್ಲಿ ಮಿರ್ಚಿ ಕರಿಯಲು ಕುಳಿತಳು. ಒಗ್ಗರಣೆಗೆಂದು ಊರಿನಿಂದ ತಂದ ಒಣಮೆಣಸಿನಕಾಯಿ ಎಣ್ಣೆಯಲ್ಲಿ ಕರಕಾಗಿ, ಅದರ ಘಾಟು ಕಿಟಕಿಯಿಂದ ಹೊರಬಿದ್ದು ಓಣಿಗೆಲ್ಲ ಹಬ್ಬಿತು. ಹಬ್ಬಿದಂತೆಲ್ಲ ಒಂದೊಂದೇ ಮನೆಯ ಬಾಗಿಲು ದಡ್ ದಡ್ ಎಂದು ಮುಚ್ಚಿಕೊಂಡಿತು.

ಅವ್ವನಿಗೆ ಅವಮಾನವಾಯಿತು. “ಒಗ್ಗರಣಿ ವಾಸನಿ ಬಂದ್ರ ನಮ್ಮೂರಾಗ ಮಂದಿ ಬಾಗಿಲಾ ತಗೀತಾರ. ಇಲ್ಲಿ ಹಾಕ್ಕೊಳ್ಳಾಕ ಹತ್ಯಾರ ನೋಡು.”

ಸ್ವಲ್ಪ ಹೊತ್ತಿಗೆ ಅರಣ್ಯ ಕಾವಲುಗಾರನೊಬ್ಬ ಕೋವಿ ಹಿಡಿದು ಕೆಮ್ಮುತ್ತ ಬಂದು, ಕರಡಿ ಎಲ್ಲಿದೆ ಎಂದು ಕೇಳಿದ. ಆ ಊರಿನಲ್ಲಿ ಕರಡಿ ಓಣಿಗಿಳಿದಾಗ ಮಾತ್ರ ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕುತ್ತಾರಂತೆ. ಆ ಘಾಟು ಬಂದರೆ ಜನರು ಒಳಗೆ ಸೇರಿ ಅಗುಳಿ ಹಾಕಿಕೊಳ್ಳಬೇಕು. ಹಿಂದಿನ ವರ್ಷ ಹಾಕಿಕೊಳ್ಳದಿದ್ದ ಒಬ್ಬರು ಈಗ ಇಲ್ಲ. ನಾನು ಕ್ಷಮೆ ಕೇಳಿ, ಇದು ನಮ್ಮ ಕಡೆಯ ತಿಂಡಿ ಎಂದು ವಿವರಿಸಿದೆ. ಅವ್ವ ತಟ್ಟೆಯೊಂದನ್ನು ಅವನ ಮುಂದಿಟ್ಟಳು. ಅವನು ಮಿರ್ಚಿಯನ್ನು ಒಮ್ಮೆ ಕಚ್ಚಿದ, ಕೋವಿಯನ್ನು ಗೋಡೆಗೆ ಆನಿಸಿದ, ಕೊಡದಲ್ಲಿದ್ದ ನೀರನ್ನೆಲ್ಲ ಕುಡಿದ. ಆಮೇಲೆ ಕಣ್ಣೊರೆಸಿಕೊಳ್ಳುತ್ತ ಓಣಿಯ ನಡುವೆ ನಿಂತು ಸಾರಿದ:

“ಕರಡಿ ಇಲ್ಲ. ಇನ್ನು ಬರುವುದೂ ಇಲ್ಲ.”

ಒಣಗಿದ ಕಟ್ಟಿಗೆ

ಪಕ್ಕದ ಮನೆಯಲ್ಲಿ ಮರದ ಡಿಪೊದಲ್ಲಿ ದುಡಿದು ನಿವೃತ್ತರಾದ ಒಬ್ಬ ಅಜ್ಜ ಇದ್ದರು. ಚಳಿ ಶುರುವಾದಾಗ ನಮ್ಮ ಕಟ್ಟಿಗೆಯೆಲ್ಲ ಹಸಿ. ಒಲೆ ಉರಿಯುವ ಬದಲು ಅಳುತ್ತಿತ್ತು. ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಗಳಲ್ಲಿ ಚೌಕಾಸಿ ಮಾಡುತ್ತ ಕಲಿತ ಉರ್ದುವನ್ನು ಮುಂದಿಟ್ಟುಕೊಂಡು ಅವ್ವ ಅಜ್ಜನಲ್ಲಿಗೆ ಹೋದಳು. ಅವರ ಸೂರಿನ ಕೆಳಗೆ ಎರಡು ಒಟ್ಟಿಲುಗಳಿದ್ದವು. ಒಂದು ಅಡ್ಡಾದಿಡ್ಡಿ, ಮುಗಿಯುತ್ತ ಬಂದದ್ದು. ಇನ್ನೊಂದು ಒಂದೇ ಅಳತೆಗೆ ಸೀಳಿ, ನೀಟಾಗಿ ಜೋಡಿಸಿ, ತಾಡಪಾಲು ಹೊದಿಸಿದ್ದು. ಅಜ್ಜ ಕೊಂಚ ಯೋಚಿಸಿ, ಹೊದಿಸಿದ ಒಟ್ಟಿಲಿನಿಂದ ಒಂದು ತೋಳು ತುಂಬ ಕೊಟ್ಟರು.

ಆ ಕಟ್ಟಿಗೆ ಅದೆಷ್ಟು ಚೆನ್ನಾಗಿ ಉರಿಯಿತೆಂದರೆ ಅವ್ವ ಆ ಊರಿಗೆ ಬಂದ ಮೇಲೆ ಮೊದಲ ಸಲ ಉಬ್ಬಿದ ಜೋಳದ ರೊಟ್ಟಿ ಮಾಡಿದಳು. ಬಿಸಿಬಿಸಿ ರೊಟ್ಟಿಯನ್ನು ಶೇಂಗಾ ಚಟ್ನಿಯೊಂದಿಗೆ ಅಜ್ಜನಿಗೆ ಒಯ್ದೆವು. ಅಷ್ಟು ಉತ್ತಮವಾದ ಕಟ್ಟಿಗೆಯನ್ನು ಯಾವುದಕ್ಕಾಗಿ ಕಾಪಾಡಿದ್ದೀರಿ ಎಂದು ನಾನು ಸಭ್ಯತೆಗಾಗಿ ಕೇಳಿದೆ.

“ನನಗಾಗಿ,” ಎಂದರು ಅಜ್ಜ. ಹಿಮ ಬಿದ್ದ ದಿನಗಳಲ್ಲಿ ಸತ್ತರೆ ಸುಡಲು ಒಣಕಟ್ಟಿಗೆ ಸಿಗುವುದಿಲ್ಲ, ಉಳಿದವರು ಒದ್ದಾಡುತ್ತಾರೆ. ಆದ್ದರಿಂದ ವಯಸ್ಸಾದವರು ತಮ್ಮ ತಮ್ಮ ಚಿತೆಯ ಕಟ್ಟಿಗೆಯನ್ನು ತಾವೇ ಒಣಗಿಸಿ ಇಡುವುದು ಅಲ್ಲಿನ ಪದ್ಧತಿ ಎಂದು ವಿವರಿಸಿದರು.

ನನ್ನ ಕೈಯಲ್ಲಿದ್ದ ರೊಟ್ಟಿ ಬಾಯಿಯವರೆಗೆ ಬಂದು ನಿಂತಿತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಜ್ಜ ಮಾತ್ರ ನಿಶ್ಚಿಂತೆಯಿಂದ ಅಗಿಯುತ್ತ, ಹೊಗೆ ಬಂತೇ ಎಂದು ಕೇಳಿದರು. ಬರಲಿಲ್ಲ ಎಂದೆ. ಬೇಗ ಹೊತ್ತಿಕೊಂಡಿತೇ? ಹೊತ್ತಿಕೊಂಡಿತು ಎಂದೆ. ಅವರು ಮತ್ತೊಂದು ರೊಟ್ಟಿಯನ್ನು ಮುರಿದುಕೊಂಡರು.

“ಒಳ್ಳೆಯದಾಯಿತು. ನಾನೇ ಉರಿಸಿ ನೋಡುವ ಅವಕಾಶ ನನಗೆ ಸಿಗುತ್ತಿರಲಿಲ್ಲ.”

ಅವ್ವನ ತೀರ್ಮಾನ

ಈ ಮಾತು ಅವ್ವನ ತಲೆಯಲ್ಲಿ ಕೂತಿತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣಿನಲ್ಲಿ ಕೂರಿಸುತ್ತಾರೆ. ಮರುದಿನ ಬೆಳಿಗ್ಗೆಯೇ ಹೋಗಿ, ಇಲ್ಲಿ ಹೂಳುವವರಿಗೆ ಜಾಗ ಎಲ್ಲಿದೆ ಎಂದು ಅಜ್ಜನನ್ನು ಕೇಳಿದಳು. ಅವರು ಗುಡ್ಡದ ಓರೆಯನ್ನು ತೋರಿಸಿ, ಜಾಗಕ್ಕೆ ಕೊರತೆಯಿಲ್ಲ, ಆದರೆ ಚಳಿಗಾಲದಲ್ಲಿ ಮಣ್ಣು ಕಲ್ಲಾಗುತ್ತದೆ, ಹಾರೆಯೂ ಇಳಿಯುವುದಿಲ್ಲ, ಕರಗುವವರೆಗೆ ಕಾಯಬೇಕಾಗುತ್ತದೆ ಎಂದರು.

ಅವ್ವ ಬಹಳ ಹೊತ್ತು ಗುಡ್ಡವನ್ನು ನೋಡಿದಳು. ಮನೆಗೆ ಬಂದು ಸ್ವೆಟರಿನ ಮೇಲೆ ನನ್ನ ಸ್ವೆಟರನ್ನೂ ತೊಟ್ಟು, ಕಹಿಯೆಂದು ದೂರ ಸರಿಸಿದ್ದ ಕಷಾಯಕ್ಕೆ ಕೈ ಚಾಚಿದಳು.

“ಹಂಗಾದ್ರ ಬ್ಯಾಸಿಗಿ ಬರೂತನಕ ಇಲ್ಲಿ ಸಾಯಾಕ ಅನುಕೂಲ ಇಲ್ಲ. ಆ ಕಷಾಯ ಇಲ್ಲಿ ಕೊಡು.”

ಹಾಲು

ಬೆಳಗಾದರೆ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕದೆ ಅವ್ವ ಒಲೆ ಮುಟ್ಟಿದವಳಲ್ಲ. ನಮ್ಮ ಕಡೆ ಬೋಳು ಅಂಗಳವೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಕುರುಗೋಡಿನಲ್ಲಿ ಹೊಡೆದ ನೀರು ರಂಗೋಲಿ ಮುಗಿಯುವಷ್ಟರಲ್ಲಿ ಆರಿಹೋಗುತ್ತದೆ. ಅಲ್ಲಿ ಚಳಿಗಾಲದ ಒಂದು ಬೆಳಿಗ್ಗೆ ಅದು ಆರದೆ ಗಾಜಾಯಿತು. ಹಾಲಿನವನು ಕ್ಯಾನಿನ ಸಮೇತ ಬಿದ್ದು, ನಮ್ಮ ಬಾಗಿಲಿನಿಂದ ಅಜ್ಜನ ಬಾಗಿಲಿನವರೆಗೆ ಕೂತಲ್ಲೇ ಪ್ರಯಾಣ ಮಾಡಿದ. ನಾನು ಅವ್ವನಿಗೆ ನೀರು ಮುಟ್ಟಕೂಡದೆಂದು ಖಡಾಖಂಡಿತವಾಗಿ ಹೇಳಿದೆ. ನೀರಿಲ್ಲದ ಒಣ ನೆಲದ ಮೇಲೆ ರಂಗೋಲಿ ಹಾಕುವುದಿಲ್ಲವೆಂದು ಅವ್ವ ಅದನ್ನೂ ಬಿಟ್ಟಳು.

ಹಾಲಿನವನಿಗೆ ಮಾತ್ರ ನಂಬಿಕೆ ಬರಲಿಲ್ಲ. ಮರುದಿನದಿಂದ ಅವನು ರಸ್ತೆಯಲ್ಲೇ ನಿಂತು, ಪಾತ್ರೆಯನ್ನು ಉದ್ದನೆಯ ಕೋಲಿನ ತುದಿಗೆ ಸಿಕ್ಕಿಸಿ, ಬೋನಿನ ಹುಲಿಗೆ ಮಾಂಸ ಚಾಚುವವರ ಹಾಗೆ ಅವ್ವನಿಗೆ ಹಾಲು ಚಾಚತೊಡಗಿದ.

ಸಿರುಗುಪ್ಪದ ಅತಿಥಿ

ಭಾನುವಾರಗಳಂದು ಅನುಮತಿ ಪಡೆದು ಸಿರುಗುಪ್ಪದ ಆ ಹುಡುಗಿಯನ್ನು ಮನೆಗೆ ಕರೆತರುತ್ತಿದ್ದೆ. ಅವ್ವನ ರೊಟ್ಟಿಯನ್ನು ಅರ್ಧವಾದರೂ ತಿನ್ನುತ್ತಿದ್ದಳು. ಅಂಗಳ ಬೋಳಾದ ಮೇಲೆ ಅದನ್ನೂ ಬಿಟ್ಟಳು. ಯಾಕೆಂದು ಅವ್ವ ಕೇಳಿದಾಗ, ಅಷ್ಟು ತಿಂಗಳಲ್ಲಿ ಮೊದಲ ಸಲ ಒಂದು ಪೂರ್ತಿ ಮಾತು ಆಡಿದಳು.

“ಈ ಊರಾಗ ಯಾವ ಮನಿ ಮುಂದೂ ನೀರು ಹೊಡಿಯಂಗಿಲ್ಲ, ರಂಗೋಲಿ ಇಲ್ಲ. ಎಲ್ಲಾರ ಮನ್ಯಾಗೂ ಯಾರೋ ಸತ್ತಂಗ ಐತ್ರಿ ಅಮ್ಮಾ. ನಮ್ಮವ್ವ ಹೋದಾಗಿಂದ ನಮ್ಮ ಮನಿನೂ ಹಿಂಗ ಐತಿ. ನಿಮ್ಮದೊಂದು ಮನಿ ಮುಂದ ಇತ್ತು. ಈಗ ಅದೂ ಇಲ್ಲ.”

ಅವ್ವ ಬಾಗಿಲಿಗೆ ಹೋಗಿ ಬೋಳು ಅಂಗಳವನ್ನು ನೋಡಿ ಬಂದಳು. ನನಗೆ ಅಂಗೈ ಆಡಿಸಲು ಧೈರ್ಯವಾಗಲಿಲ್ಲ.

ಮುಂದಿನ ವಾರ ಹುಡುಗಿ ತಂದೆಗೆ ಫೋನು ಮಾಡಿ ಅತ್ತಳು. ಕರೆದೊಯ್ಯಲು ಬರುತ್ತೇನೆಂದು ಅವರು ಹೊರಟೇಬಿಟ್ಟರು. ಉಳಿದ ಮಕ್ಕಳು ಟ್ರಂಕುಗಳನ್ನು ಮಂಚದ ಕೆಳಗಿನಿಂದ ಎಳೆದರು. ಪ್ರಾಂಶುಪಾಲರು ನನ್ನನ್ನು ಕರೆದು, ಕಿಟಕಿಯ ಪಕ್ಕದ ಸೀಟು ಬೇಕೇ ಎಂದು ವಿಚಾರಿಸಿದರು.

ತಂದೆ ಬಂದದ್ದು ಭಾನುವಾರ ಬೆಳಿಗ್ಗೆ. ಹುಡುಗಿ ನಮ್ಮ ಮನೆಯಲ್ಲಿದ್ದಳು. ಪ್ರಾಂಶುಪಾಲರೇ ಅವರನ್ನು ನಮ್ಮಲ್ಲಿಗೆ ಕರೆತಂದರು. ನಾನು ಅಂಗಳವನ್ನು ನೋಡಿದ್ದು ಬಾಗಿಲು ತೆರೆದಾಗಲೇ. ನಮ್ಮ ಕಡೆಯವರು ಬರುವ ದಿನ ಅಂಗಳ ಬೋಳಾಗಿರಬಾರದೆಂದು ಅವ್ವ ನನಗೆ ತಿಳಿಯದಂತೆ ನಸುಕಿನಲ್ಲೆದ್ದು ಎರಡು ಕೊಡ ನೀರು ಹೊಡೆದು, ಅಂಗಳದ ತುಂಬ ರಂಗೋಲಿ ಹಾಕಿದ್ದಳು. ಅದು ಹೆಪ್ಪುಗಟ್ಟಿ ಲಕಲಕ ಹೊಳೆಯುತ್ತಿತ್ತು.

ಹುಡುಗಿಯ ತಂದೆ ಹೆಗಲ ಮೇಲೆ ಸಿರುಗುಪ್ಪದ ಸಣ್ಣಕ್ಕಿಯ ಚೀಲ ಹೊತ್ತಿದ್ದರು, ಕಾಲಲ್ಲಿ ಚಪ್ಪಲಿ. ಅಲ್ಲಿನವರಾಗಿದ್ದರೆ ರಂಗೋಲಿಯನ್ನು ತುಳಿದುಕೊಂಡು, ಒರಟು ಪುಡಿಯ ಹಿಡಿತದಲ್ಲಿ ಹೇಗೋ ಬಂದುಬಿಡುತ್ತಿದ್ದರು. ಆದರೆ ರಂಗೋಲಿ ತುಳಿಯುವ ಸಂಸ್ಕಾರ ನಮ್ಮ ಕಡೆಯವರಿಗಿಲ್ಲ. ಅವರು ಅದರ ಅಂಚಿನಲ್ಲಿ ನಿಂತು, ದಾಟಲೆಂದು ಗೌರವದಿಂದ ಒಂದು ಕಾಲನ್ನು ಎತ್ತಿದರು.

ಉಳಿದ ಕಾಲು ತಾನಾಗಿ ಹೊರಟುಹೋಯಿತು. ಅವರು ಅಂಗಾತ ಬಿದ್ದು, ಎದೆಯ ಮೇಲೆ ಅಕ್ಕಿಚೀಲ ಅಪ್ಪಿಕೊಂಡು, ಇಡೀ ರಂಗೋಲಿಯನ್ನು ಬೆನ್ನಿನಿಂದ ಒರೆಸುತ್ತ ಬಂದು ನಮ್ಮ ಹೊಸ್ತಿಲಿಗೆ ತಾಗಿ ನಿಂತರು. ಎತ್ತಲು ಧಾವಿಸಿದ ಪ್ರಾಂಶುಪಾಲರು ಅದೇ ದಾರಿಯಲ್ಲಿ ಬಂದು ಅವರ ಪಕ್ಕದಲ್ಲಿ ಕುಳಿತರು. ಅಜ್ಜ ಗೋಡೆಯ ಮೇಲಿನಿಂದ ಇಣುಕಿ ಇಬ್ಬರನ್ನೂ ನಿಧಾನವಾಗಿ ನೋಡಿ, ಉಸಿರಿದೆಯೇ ಎಂದು ಕೇಳಿದರು.

ಆಗ ನನ್ನ ಬೆನ್ನ ಹಿಂದೆ ಒಂದು ಸದ್ದಾಯಿತು. ಹುಡುಗಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು, ಅಳುತ್ತಿದ್ದಾಳೆಂದುಕೊಂಡೆ. ಕೈ ಜಾರಿತು. ಅವಳು ನಗುತ್ತಿದ್ದಳು. ನಿಲ್ಲಿಸಲಾರದೆ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಗುತ್ತಿದ್ದಳು. ಅವ್ವ ಗಾಬರಿಯಿಂದ ತಂದೆಯ ತೋಳಿಗೆ ಕೈ ಹಾಕಿದಳು. ಅವರ ಕಾಲು ಮುರಿದಿತ್ತು, ನೋವಿಗೆ ಮುಖ ಬಿಳಿಚಿತ್ತು; ಆದರೂ ತಲೆ ಅಲ್ಲಾಡಿಸಿದರು.

“ಎತ್ತಬ್ಯಾಡ್ರಿ ಅಕ್ಕಾ. ಇನ್ನೊಂದೀಟು ನಗಲಿ.”

ಅಂದೇ ಹಿಮ ಬಿದ್ದು ರಸ್ತೆ ಮುಚ್ಚಿತು. ಆಸ್ಪತ್ರೆಯ ಕಾಂಪೌಂಡರ್ ಬಂದು ಕಾಲಿಗೆ ಪಟ್ಟಿ ಕಟ್ಟಲು ನೇರವಾದ ಎರಡು ಸೀಳು ಬೇಕೆಂದ. ಇಡೀ ಓಣಿಯಲ್ಲಿ ಅಷ್ಟು ನೇರವಾದ ಒಣಮರವಿದ್ದದ್ದು ತಾಡಪಾಲಿನ ಕೆಳಗೆ ಮಾತ್ರ. ಅಜ್ಜ ತಾವೇ ಆರಿಸಿ ತಂದು, “ನನ್ನ ಚಿತೆಯ ಸಾಮಾನಿನಲ್ಲಿ ನನಗಿಂತ ಮೊದಲು ನಿಮ್ಮ ಕಾಲು ಹೊರಟಿತು,” ಎಂದರು. ಅಜ್ಜನ ಮನೆಯಲ್ಲೇ ತಂದೆಗೆ ಹಾಸಿಗೆಯೂ ಆಯಿತು.

ಹೀಗೆ ಮಗಳನ್ನು ಒಯ್ಯಲು ಬಂದವರು ತಾವೇ ಉಳಿದರು. ಟ್ರಂಕುಗಳು ಮಂಚದ ಕೆಳಗೆ ಹಿಂದಿರುಗಿದವು. ತಂದೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಊಟ ಬೇಡವೆಂದರು, ಸಿರುಗುಪ್ಪಕ್ಕೆ ಹೋಗಬೇಕೆಂದರು, ಒಮ್ಮೊಮ್ಮೆ ಅತ್ತರು. ಒಂದು ಸಂಜೆ ನಾನು ಒಳಗೆ ಹೋದಾಗ ಹುಡುಗಿ ಅವರ ಪಕ್ಕದಲ್ಲಿ ರೊಟ್ಟಿಯ ತಟ್ಟೆ ಹಿಡಿದು ಕುಳಿತು, ಗಾಳಿಯಲ್ಲಿ ಅಂಗೈ ಆಡಿಸುತ್ತಿದ್ದಳು.

“ಮೊದಮೊದಲು ಹಂಗ ಅನಸ್ತೈತಿ ಅಪ್ಪಾ. ಉಣ್ಣು. ರೂಢಿ ಆಗತೈತಿ.”

ಅವರು ಅವಳ ಅಂಗೈಯನ್ನೇ ನೋಡುತ್ತಿದ್ದರು.

ತಂದೆ ಬಿದ್ದ ಮರುದಿನದಿಂದ ಅವ್ವ ಹಿಮ ಗುಡಿಸಿ, ನೀರಿಲ್ಲದ ಒಣ ನೆಲದ ಮೇಲೆಯೇ ರಂಗೋಲಿ ಹಾಕತೊಡಗಿದ್ದಳು. ಹಿಮ ಕರಗಿ ರಸ್ತೆ ತೆರೆದಾಗ ತಂದೆ ಕುಂಟುತ್ತ ಬಸ್ಸಿನ ಬಳಿಗೆ ಬಂದರು. ಆ ಎರಡು ಸೀಳುಗಳನ್ನು ನೆನಪಿಗೆಂದು ಚೀಲದಲ್ಲಿ ಇಟ್ಟುಕೊಂಡಿದ್ದರು. ಅಜ್ಜ ಮುಂದೆ ಬಂದು ಕೈ ಚಾಚಿ ಎರಡನ್ನೂ ವಾಪಸು ಪಡೆದು, ಚಿತೆಗೆ ಅವು ಕಡಿಮೆ ಬಿದ್ದರೆ ತಾವು ಅರೆಬೆಂದು ಉಳಿಯಬೇಕಾಗುತ್ತದೆ ಎಂದರು. ಪ್ರಾಂಶುಪಾಲರು, ಇನ್ನೂ ಸೊಂಟ ಹಿಡಿದುಕೊಂಡೇ, ಬಸ್ಸಿನಲ್ಲಿ ಖಾಲಿ ಇದ್ದ ಸೀಟುಗಳನ್ನು ನೋಡಿ ನನ್ನ ಕಡೆ ನೋಡಿದರು.

ಹುಡುಗಿ ಬಸ್ಸು ಹತ್ತಲಿಲ್ಲ. ಪರೀಕ್ಷೆ ಮುಗಿಸಿಯೇ ಬರುತ್ತೇನೆಂದಳು. ಬಸ್ಸು ಹೊರಡುವಾಗ ಕಿಟಕಿಯ ಬಳಿಗೆ ಹೋಗಿ, ತಂದೆಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳಿದಳು:

“ಅಪ್ಪಾ, ದಿನಾ ಮನಿ ಮುಂದ ನೀರು ಹೊಡಿ. ನಮ್ಮೂರಾಗ ಅದು ಹೆಪ್ಪುಗಟ್ಟಂಗಿಲ್ಲ. ಬೀಳಂಗಿಲ್ಲ ನೀನು.”