ಗಂಧ ಸಾಕು, ಗಂಧಕ ಬೇಡ

ನಿವೃತ್ತ ಬಸ್ ಕಂಡಕ್ಟರಿಗೆ ಲೋಕದಲ್ಲಿ ಯಾರ ಮೇಲೂ ಹಗೆಯಿರಲಿಲ್ಲ, ಗಂಧಕವೊಂದನ್ನು ಬಿಟ್ಟು. ವೈನ್ ಬಾಟಲಿಯ ಬೆನ್ನ ಮೇಲೆ ‘ಸಲ್ಫೈಟ್ ಇದೆ’ ಎಂದು, ಅಂದರೆ ಗಂಧಕ ಬೆರೆಸಿದೆಯೆಂದು, ಸಣ್ಣಕ್ಷರದಲ್ಲಿ ಓದಿದ ದಿನವೇ ಅವರು ಶಪಥ ಮಾಡಿದರು: ತಾನೇ ದ್ರಾಕ್ಷಿ ಕಿವುಚಿ, ಗಂಧಕದ ಸೋಂಕಿಲ್ಲದ ವೈನ್ ಮಾಡಿ ತೋರಿಸುವುದು.

“ಒಂದು ಚಿಟಿಕೆ ಸಲ್ಫೈಟ್ ಹಾಕಿದ್ರೆ ವೈನ್ ಕೆಡಲ್ಲ ರೀ,” ಅಂದಳು ಹೆಂಡತಿ. ಶಾಲೆಯ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಸೀಸೆ ತೊಳೆದವಳು. “ನೀವು ತಿನ್ನೋ ಬೆಳ್ಳುಳ್ಳೀಲೂ ಗಂಧಕ ಇದೆ. ನಿಮ್ಮ ತಲೆಗೂದಲಲ್ಲೂ ಇದೆ.”

“ಅದಕ್ಕೇ ಉದುರಿಹೋಗಿದ್ದು. ಗಂಧ ಸಾಕು ನನಗೆ, ಗಂಧಕ ಬೇಡ.”

“ಯೀಸ್ಟಿಗೆ ಸ್ವಲ್ಪ ಆಹಾರನಾದ್ರೂ ಹಾಕಿ.”

“ದ್ರಾಕ್ಷಿ ಇದೆಯಲ್ಲ. ಇನ್ನೇನು, ಮೃಷ್ಟಾನ್ನ ಬಡಿಸಬೇಕಾ?”

ಕಿವುಚಿದ ದ್ರಾಕ್ಷಿಯ ಜಾಡಿ ಬಚ್ಚಲುಮನೆಯ ಮೂಲೆ ಸೇರಿತು. ಆರನೆಯ ದಿನ ಮಧ್ಯಾಹ್ನ ಕೊಳೆತ ಮೊಟ್ಟೆಯ ನಾತ ಎದ್ದಿತು. ಕಂಡಕ್ಟರ್ ಮೂಗು ಮುಚ್ಚಿಕೊಳ್ಳಲಿಲ್ಲ (ಮುಚ್ಚಿಕೊಂಡರೆ ಸೋತಂತೆ). ಆದರೆ ಮೇಲಿನ ಮನೆಯ ಟೈಪಿಸ್ಟ್, ಗ್ಯಾಸ್ ಸೋರುತ್ತಿದೆಯೆಂದು ಫೋನು ಮಾಡಿಬಿಟ್ಟಳು. ಅರ್ಧ ಗಂಟೆಯಲ್ಲಿ ಗ್ಯಾಸ್ ಮೆಕ್ಯಾನಿಕ್ ಬಂದು, ಕಟ್ಟಡದ ಅಷ್ಟೂ ಒಲೆ ಆರಿಸಿ, ಒಂಬತ್ತು ಸಂಸಾರಗಳನ್ನು ಅರ್ಧ ಊಟದಲ್ಲಿ ಎಬ್ಬಿಸಿ ಬೀದಿಗಿಳಿಸಿದ. ಆಮೇಲೆ ಮೂಸುತ್ತಾ ಮೂಸುತ್ತಾ ಜಾಡಿಯ ಮುಂದೆ ಬಂದು ನಿಂತ.

“ಸಾರ್, ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇರಲ್ಲ. ಸೋರಿದ್ರೆ ಗೊತ್ತಾಗ್ಲಿ ಅಂತ ಗಂಧಕದ್ದೇನೋ ಬೆರೆಸ್ತಾರೆ. ಇದಕ್ಕೂ ಬೆರೆಸಿದ್ರಾ?”

“ಈ ಜಾಡಿಗೆ ಗಂಧಕ ಸೋಕಿಲ್ಲ.”

“ಯೀಸ್ಟ್ ತಾನೇ ಮಾಡ್ಕೊಂಡಿದೆ,” ಅಂದಳು ಹೆಂಡತಿ. “ಹೊಟ್ಟೆಗೆ ಹಾಕ್ದಿದ್ರೆ ಅದು ದ್ರಾಕ್ಷೀಲಿರೋ ಗಂಧಕಾನೇ ಹಿಡ್ಕೊಂಡು ಹೀಗೆ ಸೇಡು ತೀರಿಸ್ಕೊಳ್ಳುತ್ತೆ.”

ಗ್ಯಾಸ್ ಅಲ್ಲವೆಂದು ತಿಳಿದು ಮೇಲೆ ಬಂದ ಒಂಬತ್ತು ಸಂಸಾರವೂ ಮೂಗು ಹಿಡಿದು ಬಾಗಿಲಲ್ಲಿ ನೆರೆದಿತ್ತು. ಕಂಡಕ್ಟರ್ ಲೋಟ ಅದ್ದಿ, ಎಲ್ಲರ ಕಣ್ಣೆದುರು ಗಟಗಟ ಕುಡಿದರು. ಕಣ್ಣಲ್ಲಿ ನೀರು ಬಂತು, ಬೆನ್ನು ಬಾಗಲಿಲ್ಲ.

“ಅಮೃತ,” ಅಂದರು.

“ಹಾಗಾದ್ರೆ ಇನ್ನೊಂದು ಲೋಟ?” ಅಂದಳು ಟೈಪಿಸ್ಟ್.

“ಧಾರಾಳವಾಗಿ.” ಅದನ್ನೂ ಕುಡಿದರು.

ಮೆಕ್ಯಾನಿಕ್ ವರದಿ ಬರೆದು ಪುಸ್ತಕ ಚಾಚಿದ. ಕನ್ನಡಕ ಹುಡುಕುವ ಗೋಜಿಗೆ ಹೋಗದೆ ಕಂಡಕ್ಟರ್ ದಿಗ್ವಿಜಯಿ ಚಕ್ರವರ್ತಿಯಂತೆ ಸಹಿ ಜಡಿದರು. ಹೆಂಡತಿ ಅದನ್ನೆತ್ತಿಕೊಂಡು ಎಲ್ಲರಿಗೂ ಕೇಳುವಂತೆ ಓದಿದಳು:

“‘ಸೋರಿಕೆಯ ಮೂಲ: ಮನೆ ಯಜಮಾನರು. ಪರಿಹಾರ: ನಾತ ಹೋಗುವ ತನಕ ಹೊರಗೆ ಇಡುವುದು.’”

ಕಂಡಕ್ಟರ್ ತಾವೇ ಕುರ್ಚಿ ಎಳೆದುಕೊಂಡು ಬಾಲ್ಕನಿಗೆ ನಡೆದರು.

“ಯಾರೂ ಕಳಿಸಿದ್ದಲ್ಲ,” ಅಂದರು, ಕೂರುತ್ತಾ. “ನನಗೇ ಗಾಳಿ ಬೇಕಿತ್ತು.”

ಹೆಂಡತಿ ಒಳಗಿನಿಂದ ಚಿಲಕ ಹಾಕಿಕೊಂಡಳು.