ಕೆಂಪು ಮೀನಿನ ಬಗ್ಗೆ ಒಂದು ದೂರು

ಬೂದಿಬಣ್ಣದ ಮೀನನ್ನು ಕೆಂಪು ಮೀನೆಂದು ನನಗೆ ಮಾರಿದ ಬೆಂಗಳೂರಿನ ವ್ಯಾಪಾರಿ ಮೋಸಗಾರ. ಅದು ಕೆಂಪಾಗಿಯೇ ಇದೆಯೆಂದು ದಿನವೂ ವಾದಿಸುವ ನನ್ನ ಅವ್ವ ಮತ್ತು ತಂಗಿ ಗಿರಿಜೆ ಆ ಮೋಸದ ಪಾಲುದಾರರು. ಈ ಆರೋಪವನ್ನು ನಾನು ಆರು ತಿಂಗಳು ಯಾವ ಅಳುಕೂ ಇಲ್ಲದೆ ಮಾಡುತ್ತ ಬಂದೆ. ಹೊಣೆಗಾರರನ್ನು ನಿಲ್ಲಿಸಿ ಕೇಳಬೇಕೆಂಬುದು ವಿಶ್ವವಿದ್ಯಾಲಯ ನನಗೆ ಕಲಿಸಿದ ಮುಖ್ಯ ಪಾಠ. ಬೀದಿದೀಪ ಆರಿದರೆ ನನ್ನ ಅರ್ಜಿ ಹೋಗುತ್ತದೆ, ಬಸ್ಸು ತಡವಾದರೂ ಹೋಗುತ್ತದೆ. ಮೀನಿಗೆ ಮಾತ್ರ ವಿನಾಯಿತಿ ಏಕೆ?

ಸಿಕ್ಲಿಡ್ ಎಂಬ ಪರದೇಶದ ಮೀನಿನ ಕುಲದಲ್ಲಿ ನಾನು ಬಯಸಿದ್ದು ದಾಸವಾಳದಂತೆ ಕೆಂಪಗಿದ್ದು ಮೈತುಂಬ ನೀಲಿ ಚುಕ್ಕೆ ಹೊತ್ತ ಒಂದು ಜಾತಿ. ಅದಕ್ಕಾಗಿ ಮೂರು ಭಾನುವಾರ ಬೆಂಗಳೂರು ಸುತ್ತಿದೆ. ಕೊನೆಗೆ ಒಂದು ಅಂಗಡಿಯ ಕತ್ತಲೆ ಮೂಲೆಯಲ್ಲಿ ಅಂಥದೇ ಜೋಡಿ ಸಿಕ್ಕಿತು. ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತಿಪಟೂರು ಬಸ್ಸು ಹತ್ತಿದೆ. ಗುಬ್ಬಿ ದಾಟುವಷ್ಟರಲ್ಲಿ ಕೆಂಪೆಲ್ಲ ಇಳಿದು ಎರಡೂ ಬೂದಿಯಾಗಿದ್ದವು. ಪಕ್ಕದಲ್ಲಿ ಕುಳಿತಿದ್ದ ಕಂದಿಕೆರೆಯ ಯಜಮಾನರು ಚೀಲವನ್ನೇ ನೋಡುತ್ತಿದ್ದರು.

"ಸಾರಿಗೇನ್ರೀ?"

"ಅಲ್ಲ, ಸಾಕೋದಕ್ಕೆ."

"ಹೂಂ ಕಣಪ್ಪ, ಸಾಕಿದ್ಮೇಲೆ ತಾನೇ ಸಾರು!"

ಮನೆಯಲ್ಲೂ ಸ್ವಾಗತ ಚೆನ್ನಾಗಿರಲಿಲ್ಲ. "ಲಿಂಗ ಕಟ್ಟಿರೋ ಮನೇಗೆ ಮೀನು ತಂದಿದ್ದೀಯಲ್ಲೋ, ಊರೋರು ಏನಂದಾರು?" ಎಂದು ಅವ್ವ ಗೊಣಗಿದಳು. ಆದರೂ ನಡುಮನೆಯಲ್ಲಿ, ಕೊಬ್ಬರಿಗೆಂದು ಕಾಯಿ ತುಂಬಿದ ಅಟ್ಟದ ಕೆಳಗೆ, ಗಾಜಿನ ತೊಟ್ಟಿಗೆ ಜಾಗ ಸಿಕ್ಕಿತು.

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಬೆಳಿಗ್ಗೆ ಎದ್ದವನೇ ಬ್ಯಾಟರಿಯ ಬೆಳಕು ಬಿಟ್ಟು ಬಣ್ಣ ನೋಡುತ್ತಿದ್ದೆ. ಗಿರಿಜೆಯ ಕೆಂಪು ರವಿಕೆ ಕಣದ ಒಂದು ತುಂಡು ಕತ್ತರಿಸಿ, ಗಾಜಿಗೆ ಒತ್ತಿಹಿಡಿದು, ಹೋಲಿಸಿ, ನೋಟ್‌ಬುಕ್ಕಿನಲ್ಲಿ 'ಪ್ರಗತಿ ಇಲ್ಲ' ಎಂದು ಬರೆಯುತ್ತಿದ್ದೆ. ಮೀನು ಕಲ್ಲಿನ ಹಿಂದೆ ಸರಿದರೆ ಬೆರಳಿನಿಂದ ಗಾಜು ಬಡಿದು ಈಚೆಗೆ ಕರೆಯುತ್ತಿದ್ದೆ. ಚಪ್ಪಟೆ ಕಲ್ಲಿನ ಮೇಲೆ ಅವು ಎರಡು ಸಲ ಮೊಟ್ಟೆಯಿಟ್ಟವು. ಎರಡು ಸಲವೂ, ನಾನು ನೋಡುತ್ತಿದ್ದಂತೆಯೇ, ತಾವೇ ತಿಂದುಬಿಟ್ಟವು. "ಹೆತ್ತೋಳೇ ತಿಂದ್ಲಲ್ಲೋ ಶಿವನೇ!" ಎಂದ ಅವ್ವ ಆ ದಿನ ಊಟ ಮಾಡಲಿಲ್ಲ. ನಾನು ವ್ಯಾಪಾರಿಗೆ ಖಾರವಾದ ಕಾಗದ ಬರೆದೆ. "ಮೀನು ಸರಿಯಾಗಿದೆ, ತಾವು ಸ್ವಲ್ಪ ದೂರ ಕೂತುಕೊಳ್ಳಿ" ಎಂಬ ಒಂದು ಸಾಲಿನ ಕಾರ್ಡು ಬಂತು. ಇದನ್ನು ಉದ್ಧಟತನವೆಂದು ದಾಖಲಿಸಿಕೊಂಡೆ.

ಮೊನ್ನೆ ಸೋಮವಾರ ಕಾಲೇಜಿಗೆ ಪಾಠ ಮಾಡಲು ಹೊರಟವನು ಟಿಪ್ಪಣಿ ಮರೆತು ಹಿತ್ತಲ ಬಾಗಿಲಿನಿಂದ ಒಳಗೆ ಬಂದೆ. ಅವ್ವ ತೊಟ್ಟಿಯ ಪಕ್ಕ ಅಕ್ಕಿ ಆರಿಸುತ್ತ ಕುಳಿತಿದ್ದಳು. ಅವಳ ಭುಜದಾಚೆ, ಕಲ್ಲಿನ ಮೇಲೆ ಹೊಸ ಮೊಟ್ಟೆಗಳು. ಅವುಗಳ ಕಾವಲಿಗೆ ಎರಡು ಮೀನು, ಕೆಂಡದಂತೆ ಕೆಂಪು! "ಅವ್ವಾ!" ಎಂದು ಕೂಗಿ ಮುಂದೆ ನುಗ್ಗಿದೆ. ಕಣ್ಣು ಮಿಟುಕಿಸುವುದರೊಳಗೆ ಎರಡೂ ಬೂದಿ.

"ನೋಡ್ದಾ? ನಿನ್ನ ಕಂಡ್ರೆ ಅವಕ್ಕೆ ಬಣ್ಣವೇ ಇಳ್ದೋಯ್ತದೆ ಕಣ್ಲಾ," ಎಂದಳು ಅವ್ವ. "ಅಟ್ಟದ ಕಾಯಿನ ದಿನಾ ಇಳ್ಸಿ ಅಲ್ಲಾಡ್ಸಿ ನೋಡ್ತೀವಾ? ವರ್ಸೊಪ್ಪತ್ತು ಸುಮ್ಕೆ ಬುಟ್ರೆ ತಾನೇ ಕೊಬ್ರಿ ಆಗೋದು? ಈ ಸಲಾನೂ ಮೊಟ್ಟೆ ಹೋದ್ರೆ ನಾನು ಸುಮ್ಕಿರಾಕಿಲ್ಲ. ನಡಿ ಆಚೆಗೆ!"

"ನನ್ನ ರವಿಕೆ ಕಣಕ್ಕೆ ಯಾರು ಜವಾಬ್ದಾರಿ, ಅದನ್ನೂ ಕೇಳವ್ವ," ಎಂದು ಗಿರಿಜೆ ಒಳಗಿನಿಂದ ಸೇರಿಸಿದಳು.

ಅಂದಿನಿಂದ ನನಗೆ ನಡುಮನೆ ಬಂದ್. ಊಟ ಹಿತ್ತಲಲ್ಲಿ, ಓದು ಜಗಲಿಯಲ್ಲಿ. ಪಾಠ ಮಾಡುವಾಗಲೂ ಆ ಮೊಟ್ಟೆಗಳು ಇವೆಯೋ ಇಲ್ಲವೋ ಎಂಬುದೇ ಚಿಂತೆ. ಬೀದಿ ಕಡೆಯ ಕಿಟಕಿಯಲ್ಲಿ ಒಂದು ಕಣ್ಣು ಮಾತ್ರ ಇಟ್ಟು ನೋಡುತ್ತೇನೆ. "ಏನ್ ಮೇಷ್ಟ್ರೇ, ನಿಮ್ಮನೇನೇ ಇಣುಕ್ತಿದ್ದೀರಲ್ಲಾ!" ಎಂದು ಹೋಗುವವರು ಬರುವವರು ನಗುತ್ತಾರೆ. ಇಂದು ಗುರುವಾರ. "ಮೊಟ್ಟೆ ಒಡ್ದವೆ, ಬಾಲ ಅಲ್ಲಾಡ್ತವೆ ಕಣ್ಲಾ," ಎಂದು ಅವ್ವ ಒಳಗಿನಿಂದಲೇ ಪಿಸುಗುಟ್ಟಿದಳು. ಕೂಗಿಬಿಡದಂತೆ ನಾನು ಬಾಯಿಗೆ ಕರವಸ್ತ್ರ ತುರುಕಿಕೊಂಡೆ.

ಆದ್ದರಿಂದ, ಬೆಂಗಳೂರಿನ ವ್ಯಾಪಾರಿಯ ಮೇಲಿನ ಸಕಲ ಆರೋಪಗಳನ್ನು ಬೇಷರತ್ತಾಗಿ ಹಿಂತೆಗೆದುಕೊಂಡು, ಮನೆಯ ಯಜಮಾನಿಯವರಲ್ಲಿ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ: ಮರಿಗಳು ಈಜತೊಡಗಿದ ಎಷ್ಟನೆಯ ದಿನಕ್ಕೆ ನಾನು ಒಳಗೆ ಬರಬಹುದೆಂಬುದನ್ನು ಲಿಖಿತವಾಗಿ ತಿಳಿಸಬೇಕು. ಅಲ್ಲಿಯವರೆಗೆ ಕಿಟಕಿಯ ಹೊರಗೆ ನಿಲ್ಲಲು ಒಂದು ಮಣೆಯನ್ನು ಮಂಜೂರು ಮಾಡಬೇಕು. ಮತ್ತು ನನ್ನ ಮುಖ ಮೀನುಗಳಿಗೆ ಕಾಣದಂತೆ ಆ ಕಿಟಕಿಗೆ ಒಂದು ಪರದೆ ಕಟ್ಟಿಸಿ, ಅದರಲ್ಲಿ ಒಂದೇ ಒಂದು ಕಣ್ಣಿಗೆ ಸಾಕಾಗುವಷ್ಟು ತೂತು ಬಿಡಲು ಕೂಡಲೇ ಕ್ರಮ ಕೈಗೊಳ್ಳಬೇಕು.