ಹುಣಸೆಹಣ್ಣು ಹಚ್ಚಿ ಬೆಳಗಿದ ಖಡ್ಗ

ಮಾಡಿದ ತಪ್ಪನ್ನು ಒಪ್ಪಿಕೊಳ್ಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಈ ಸಲದ ಉಪ್ಪೇ ಜೋರಿದೆ ಎನ್ನುತ್ತೇನೆ. ಹಾಲು ಉಕ್ಕಿದರೆ ಒಲೆಯನ್ನು ಬೈಯುತ್ತೇನೆ. ಹೀಗೆ ಮಾಡಿಯೇ ಎಪ್ಪತ್ತನಾಲ್ಕು ವರ್ಷ ಮರ್ಯಾದೆಯಿಂದ ಬಾಳಿದವಳು ನಾನು. ಆ ಮರ್ಯಾದೆಗೆ ಕುತ್ತು ತಂದದ್ದು ಮೊಮ್ಮಗಳು ನೀಲಾ ಇಳಕಲ್ಲಿನ ನಮ್ಮ ಮನೆಗೆ ಹೊತ್ತು ತಂದ ಒಂದು ಖಡ್ಗ.

ನೀಲಾ ಸೈನ್ಯದಲ್ಲಿ ಆಫೀಸರು. ತರಬೇತಿಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದ ಒಬ್ಬರಿಗೆ ಮಾತ್ರ ಗೌರವದ ಖಡ್ಗ ಕೊಡುತ್ತಾರಂತೆ. ಅದು ಇವಳಿಗೆ ಬಂತು. ರಜೆಗೆ ಬಂದವಳು ಮಖಮಲ್ಲಿನ ಪೆಟ್ಟಿಗೆಯಿಂದ ತೆಗೆದು ನನ್ನ ಕೈಗಿಟ್ಟಳು. ಅಲಗಿನ ಮೇಲೆ ಹೆಬ್ಬೆರಳಾಡಿಸಿದೆ. ಹರಿತವೇ ಇಲ್ಲ. “ಇದರಾಗ ಬದನಿಕಾಯಿನೂ ಹೆಚ್ಚಾಕ ಬರಂಗಿಲ್ಲಲ್ಲ” ಎಂದೆ. “ಅಜ್ಜಿ, ಇದು ಹೆಚ್ಚಾಕಲ್ಲ, ಮಾನದ್ದು” ಎಂದಳು. ಮೊಂಡ ಮಾನ ಎಂದುಕೊಂಡೆ.

ಅಷ್ಟರಲ್ಲಿ ದಸರೆಯ ಖಂಡೇಪೂಜೆ ಬಂತು. ಆವತ್ತು ನಮ್ಮಲ್ಲಿ ಈಳಿಗೆಯಿಂದ ಕುಡುಗೋಲಿನವರೆಗೆ ಮನೆಯ ಕಬ್ಬಿಣವನ್ನೆಲ್ಲ ಬೆಳಗಿ, ವಿಭೂತಿ ಹಚ್ಚಿ, ಸಾಲಾಗಿ ಇಟ್ಟು ಪೂಜಿಸುತ್ತೇವೆ. ಖಂಡೆ ಎಂದರೇ ಖಡ್ಗ. ಇಷ್ಟು ವರ್ಷ ಈಳಿಗೆಯನ್ನೇ ಖಡ್ಗವೆಂದು ನಂಬಿಸಿ ಪೂಜೆ ಸಾಗಿಸಿದ್ದೆವು. ಈ ಸಲ ನಿಜವಾದದ್ದೇ ಮನೆಯಲ್ಲಿದೆ. ಹಬ್ಬದ ಹಿಂದಿನ ದಿನ ನೀಲಾ ತಾಯಿಯ ಜೊತೆ ಮಹಾಕೂಟದ ಗುಡಿಗೆ ಹೋದಾಗ, ನಾನು ಖಡ್ಗವನ್ನು ಬಚ್ಚಲಿಗೆ ಒಯ್ದು ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ. ಅಲಗಿನ ಮೇಲೆ ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರಗಳಿದ್ದವು. ನಾನು ಕನ್ನಡವನ್ನೇ ಒಂದೊಂದು ಅಕ್ಷರ ಕೂಡಿಸಿ ಓದುವವಳು. ಹೊಸ ಪಾತ್ರೆಗೆ ಅಂಟಿಸಿರುವ ಚೀಟಿಯ ಹಾಗೆ ಯಾವುದೋ ಕಂಪನಿಯ ಗುರುತಿರಬೇಕೆಂದು ಇನ್ನಷ್ಟು ಬಲ ಹಾಕಿದೆ. ಹೋಯಿತು. ಖಡ್ಗ ಫಳಫಳ ಹೊಳೆಯಿತು.

ಮಗ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತ. “ಅವ್ವಾ, ಅದರಾಗ ನೀಲಾನ ಹೆಸರಿತ್ತು! ನಾಡಿದ್ದು ಆಕಿ ಕಲ್ತ ಸಾಲ್ಯಾಗ ಹುಡುಗ್ಯಾರಿಗೆಲ್ಲ ತೋರ್ಸಾಕಿದ್ಲು.” “ಹೆಸರೈತಿ ಅಂತ ಮೊದ್ಲ ಹೇಳಾಕ ನಿನಗ ಬಾಯಿರಲಿಲ್ಲೇನು?” ಎಂದು ಅವನನ್ನೇ ಬೈದೆ. ಖಡ್ಗವನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಾಂಡೆ ಅಂಗಡಿಗೆ ನಡೆದೆ. ಮದುವೆಯಲ್ಲಿ ಕೊಡುವ ತಂಬಿಗೆ, ಕೊಡ, ಪರಾತಗಳ ಮೇಲೆಲ್ಲ ಯಾರು ಯಾರಿಗೆ ಕೊಟ್ಟದ್ದೆಂದು ನಾವು ಹೆಸರು ಹಾಕಿಸುವುದು ಅಲ್ಲಿಯೇ.

“ಏನಬೇ, ದಂಡಿಗೆ ಹೊಂಟೀಯೇನು?” ಎಂದ ಅಂಗಡಿಯವನು.

“ನಗಬ್ಯಾಡ. ಲಗೂನ ಹೆಸರು ಹಾಕು. ನೀಲಾ ಅಂತ.”

“ಕೊಟ್ಟವರು ಯಾರು?”

ಐವತ್ತು ವರ್ಷ ಆ ಅಂಗಡಿಯಲ್ಲಿ ಆ ಪ್ರಶ್ನೆಗೆ ಒಂದೇ ಉತ್ತರ ಹೇಳಿದ ಬಾಯಿ ಇದು. “ಇನ್ಯಾರು, ನಾನ” ಎಂದುಬಿಟ್ಟಿತು. ಮಿಷನ್ನು ಕಿರ್ರೆಂದಿತು.

ಸಂಜೆ ನೀಲಾ ಖಡ್ಗ ಎತ್ತಿಕೊಂಡು ಓದಿದಳು: “ಚಿ. ನೀಲಾಗೆ ಅಜ್ಜಿ ಗೌರವ್ವನ ಪ್ರೀತಿಯ ಕಾಣಿಕೆ.” ಕೂಗಾಡುತ್ತಾಳೆಂದು ನಾನು ಉತ್ತರ ಕಟ್ಟಿಕೊಂಡು ಕೂತಿದ್ದೆ, ಅವಳು ಕೂಗಲಿಲ್ಲ. “ಅಜ್ಜಿ, ಅಂಗೈಯಾಗ ಬೊಬ್ಬಿ ಎದ್ದು ಒಡದಾವು, ಮೊಣಕಾಲು ತರಚ್ಯಾವು. ಹಂಗ ಗಳಿಸೇನಿ ಇದನ್ನ. ಹುಡುಗ್ಯಾರು ಓದಿದ್ರ, ಈಕಿಗೆ ಅಜ್ಜಿ ಕೊಡಿಸ್ಯಾಳ ಅಂತಾರ” ಎಂದಳು.

“ಅದು ಆ ಬಾಂಡೆ ಅಂಗಡ್ಯಾಂವಂದು...”

“ಹಾಕಿದಾಂವ ಅಂವ, ಹಾಕಿಸಿದಾಕಿ ನೀ. ಸಾಲ್ಯಾಗ ಮೈಕ್ ಹಿಡದು ನೀನ ಖರೆ ಹೇಳಬೇಕು.”

“ನಾ? ಮೈಕಿನ್ಯಾಗ?”

“ಹೂಂ. ಇದು ಆರ್ಡರ್.”

ರಜೆಯಿದ್ದರೂ ಆ ದಿನ ಶಾಲೆಯ ತುಂಬ ಹುಡುಗಿಯರು. ನೀಲಾ ತರಬೇತಿಯಲ್ಲಿ ಓಡಿದ್ದು, ಗೋಡೆ ಹತ್ತಿದ್ದು, ಹೆಗಲಿಗೆ ಹೊರೆ ಹೊತ್ತದ್ದು ಎಲ್ಲ ಅರ್ಧ ತಾಸು ಹೇಳಿದಳು. ಚಪ್ಪಾಳೆ ಬಿತ್ತು. ಆಮೇಲೆ ಮೈಕು ನನ್ನ ಕೈಗೆ ಬಂತು. ತಪ್ಪನ್ನು ಯಾರ ಮೇಲೆ ಹಾಕಲಿ ಎಂದು ಸುತ್ತ ನೋಡಿದೆ. ಅಂಗಡಿಯವನು ಬಂದಿರಲಿಲ್ಲ, ಮಗ ಆಗಲೇ ಕಂಬದ ಹಿಂದೆ ಸರಿದಿದ್ದ. ಹುಡುಗಿಯರು ಖಡ್ಗವನ್ನೇ ನೋಡುತ್ತಿದ್ದರು. ಹೇಳಿದೆ: “ಇದು ನಾ ಕೊಟ್ಟಿದ್ದಲ್ರಿ. ನೀಲಾ ಮೈಮುರದು ಗಳಿಸಿದ್ದು. ಆಕಿ ಹೆಸರು ತಿಕ್ಕಿ ಅಳಿಸಿದಾಕಿ ನಾ, ನನ್ನ ಹೆಸರು ಹಾಕಿಸಿದಾಕಿನೂ ನಾ. ನನ್ನದ ತಪ್ಪಾತು.”

ಚಪ್ಪಾಳೆ ಶುರುವಾದದ್ದು ನಿಲ್ಲಲೇ ಇಲ್ಲ. ಹೆಡ್‌ಮಾಸ್ತರಬಾಯಿ ಕಣ್ಣೊರೆಸಿಕೊಂಡು, ಇಂಥ ಪ್ರಾಮಾಣಿಕತೆಯನ್ನು ಈ ಶಾಲೆ ಕಂಡಿಲ್ಲವೆಂದು ಹೇಳಿ, ತಂದಿಟ್ಟಿದ್ದ ಒಂದೇ ಒಂದು ಶಾಲನ್ನು ನನಗೆ ಹೊದಿಸಿದರು. ನೀಲಾಗೆ ಉಳಿದದ್ದು ಒಂದು ತೆಂಗಿನಕಾಯಿ.

ಮನೆಯ ದಾರಿಯಲ್ಲಿ ಅವಳು ಮೆಲ್ಲಗೆ, “ಅಜ್ಜಿ, ಆ ಶಾಲು ನನಗ ತಂದಿದ್ದು” ಎಂದಳು. ಒಂದು ವಾರಕ್ಕೆ ಒಂದು ತಪ್ಪು ಒಪ್ಪಿಕೊಂಡರೆ ಧಾರಾಳವಾಯಿತು. “ಹೆಸರು ಎಲ್ಲೈತಿ, ತೋರ್ಸು” ಎಂದು, ಇಳಕಲ್ಲಿನ ಆ ಉರಿಬಿಸಿಲಿನಲ್ಲಿ ಬೆವರಿಳಿಯುತ್ತಿದ್ದರೂ ಅದನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡೆ.